ಹಮ್ಮಿಣಿಯಿಂದ ಪಾಸ್‌ಪೋರ್ಟಿನವರೆಗೆ: ಪರದೇಶದ ಹಾದಿಯ ಕಾವಲು

'ಪರದೇಶಿ' ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥಗಳಿವೆ. ಬೇರೆ ದೇಶದವನು ಎಂಬುದು ನಿಘಂಟಿನ ಅರ್ಥ. ಹಿಂದುಮುಂದು ಯಾರೂ ಇಲ್ಲದವನು, ದಿಕ್ಕಿಲ್ಲದವನು ಎಂಬುದು ಮನೆಮಾತಿನ ಅರ್ಥ. ನಾವು ಬಾಳುತ್ತಿರುವ ತಮಿಳುನಾಡಿನಲ್ಲಿಯೂ ಆ ಪದಕ್ಕೆ ಇದೇ ಗತಿ ಬಂದಿದೆ; ಇಲ್ಲಿ ಅದು ಭಿಕ್ಷುಕನವರೆಗೂ ಇಳಿದಿದೆ. ಊರು ಬಿಟ್ಟು ಹೊರನಾಡಿಗೆ ಹೋದವನು ದಿಕ್ಕುಗೆಟ್ಟವನೇ ಸರಿ ಎಂದು ನಮ್ಮ ಹಿರಿಯರು ಕಂಡುಕೊಂಡಿದ್ದ ಸತ್ಯವೇ ಈ ಪದದೊಳಗೆ ಹುದುಗಿದೆ. 'ದೇಶ ಸುತ್ತು, ಕೋಶ ಓದು' ಎಂದು ಮಕ್ಕಳಿಗೆ ಬುದ್ಧಿ ಹೇಳಿದವರೂ ಅವರೇ. ಸುತ್ತಬೇಕು, ಆದರೆ ಸುತ್ತುವವನನ್ನು ಕಾಯುವವರು ಯಾರು? ಕಳ್ಳನಿಂದ, ಠಕ್ಕನಿಂದ, ರೋಗದಿಂದ, ಯುದ್ಧದಿಂದ ಅವನನ್ನು ಪಾರುಮಾಡಿ ಮನೆಗೆ ಮುಟ್ಟಿಸುವ ಹೊಣೆ ಯಾರದು? ಒಂದೊಂದು ಕಾಲ ಈ ಪ್ರಶ್ನೆಗೆ ಒಂದೊಂದು ಉತ್ತರ ಕೊಟ್ಟಿದೆ. ಆ ಉತ್ತರಗಳನ್ನು ಕ್ರಮವಾಗಿ ನೋಡುವುದು ಈ ಲೇಖನದ ಉದ್ದೇಶ.

ವೇದಸಂದೂರಿನಲ್ಲಿ ಕುಳಿತು ಈ ಪ್ರಶ್ನೆಯನ್ನು ಎತ್ತುವುದಕ್ಕೆ ಕಾರಣವಿದೆ. ನಮ್ಮ ಊರು ಹೆದ್ದಾರಿಯ ಊರು. ಮೈಸೂರು ಸೀಮೆಯಿಂದ ಗಜ್ಜಲಹಟ್ಟಿ ಕಣಿವೆಯನ್ನು ಇಳಿದು, ಸತ್ಯಮಂಗಲ, ಕರೂರುಗಳನ್ನು ಹಾದು, ದಿಂಡಿಗಲ್ಲಿನ ಕೋಟೆಯ ಬುಡಕ್ಕೆ ಬಂದು, ಅಲ್ಲಿಂದ ಮಧುರೆಗೂ ರಾಮೇಶ್ವರಕ್ಕೂ ಸಾಗುವ ದಾರಿಯ ಮೇಲೆ ಅದು ಇದೆ. ಸೈನ್ಯಗಳೂ ಯಾತ್ರಿಕರೂ ನೇಕಾರರೂ ದನಗಾರರೂ ಈ ಸೀಮೆಯನ್ನು ತುಳಿದು ಹೋಗಿದ್ದಾರೆ. ಹೈದರಾಲಿಯು 1755ರಲ್ಲಿ ದಿಂಡಿಗಲ್ಲಿನ ಫೌಜುದಾರನಾಗಿ ಬಂದನು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಈ ಸೀಮೆಯನ್ನು ಇಂಗ್ಲಿಷ್ ಕಂಪನಿಗೆ ಬಿಟ್ಟುಕೊಟ್ಟನು. ಆದರೆ ಕನ್ನಡ ಈ ಭಾಗಕ್ಕೆ ಬಂದದ್ದು ಹೈದರನ ಕುದುರೆಯೇರಿ ಅಲ್ಲ. ಅದಕ್ಕೂ ಬಹಳ ಹಿಂದೆಯೇ ನಮ್ಮವರು ಪರದೇಶಿಗಳಾಗಿ ಇಲ್ಲಿಗೆ ಬಂದು, ಇದನ್ನೇ ಸ್ವದೇಶ ಮಾಡಿಕೊಂಡಿದ್ದರು.

ಗುಂಪೇ ಕಾವಲು

ಡಬ್ಲ್ಯು. ಫ್ರಾನ್ಸಿಸ್ ಅವರ ಮಧುರೆ ಜಿಲ್ಲೆಯ ಗೆಜೆಟಿಯರು 1906ರಲ್ಲಿ ಪ್ರಕಟವಾಯಿತು. ಎಡ್ಗರ್ ಥರ್ಸ್‌ಟನ್ನರ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಏಳು ಸಂಪುಟಗಳು 1909ರಲ್ಲಿ ಹೊರಬಂದವು. ಕಂಬಂ ಕಣಿವೆಯ ಕಪ್ಪಿಲಿಯರು ಹಾಗೂ ಅನುಪ್ಪರು ಎಂಬ ಕನ್ನಡ ಒಕ್ಕಲು ಸಮುದಾಯಗಳ ವಲಸೆಯ ಐತಿಹ್ಯ ಇವುಗಳಲ್ಲಿ ದಾಖಲಾಗಿದೆ. ತುಂಗಭದ್ರೆಯ ದಡದಲ್ಲಿದ್ದ ಅವರು ಅಲ್ಲಿ ಬಾಳುವುದು ಕಷ್ಟವಾದಾಗ ಇತರ ಸಮುದಾಯದವರೊಡನೆ ಒಟ್ಟಾಗಿ ದಕ್ಷಿಣಕ್ಕೆ ನಡೆದು ಬಂದರೆಂಬುದು ಆ ಐತಿಹ್ಯದ ಸಾರ. ಐತಿಹ್ಯದ ಒಂದೊಂದು ವಿವರವನ್ನೂ ಇತಿಹಾಸವೆಂದು ಒಪ್ಪಬೇಕಾಗಿಲ್ಲ. ಆದರೆ 'ಒಟ್ಟಾಗಿ' ಎಂಬ ಒಂದು ಮಾತು ಮಾತ್ರ ಖಂಡಿತವಾಗಿ ಇತಿಹಾಸವೇ. ಹೆಂಗಸರು, ಮಕ್ಕಳು, ದನಕರು, ಬಿತ್ತನೆಯ ಕಾಳು, ಕುಲದೇವರ ಪೆಟ್ಟಿಗೆ ಇವಿಷ್ಟನ್ನೂ ಹೊತ್ತು ಕಾಡುಮೇಡುಗಳ ನಡುವೆ ನೂರಾರು ಹರಿದಾರಿ ನಡೆಯಬೇಕಾದ ಜನ ಒಂಟಿಯಾಗಿ ಬಂದಿದ್ದರೆ ಊರು ಸೇರುತ್ತಿರಲಿಲ್ಲ. ಕಂಬಂನಲ್ಲಿ ಇಂದಿಗೂ ದೇವರ ಹೆಸರಿನಲ್ಲಿ ಒಂದು ಮಂದೆಯನ್ನು ಪವಿತ್ರವೆಂದು ಸಾಕಿಕೊಂಡು ಬರುತ್ತಿರುವ ಕನ್ನಡಿಗರಿದ್ದಾರೆ. ದನವೇ ಧನವಾಗಿದ್ದ ಕಾಲದಲ್ಲಿ ಮಂದೆಯ ಸುತ್ತ ನಿಂತು ಕಾಯುತ್ತಿದ್ದ ಜನಸಮೂಹವೇ ಪ್ರಯಾಣಿಕನ ಮೊದಲ ಕೋಟೆ. ಕರ್ನಾಟಕದ ಊರೂರುಗಳಲ್ಲಿ ನಿಂತಿರುವ ತುರುಗೋಳಿನ ವೀರಗಲ್ಲುಗಳು, ಆ ಕೋಟೆಯನ್ನು ಕಾಯುತ್ತ ಮಡಿದವರ ಗುರುತುಗಳು.

ವರ್ತಕರು ಇದೇ ಗುಂಪಿನ ಬಲವನ್ನು ಒಂದು ಸಂಸ್ಥೆಯನ್ನಾಗಿ ಬೆಳೆಸಿದರು. ಇಂದಿನ ಬಾಗಲಕೋಟೆ ಜಿಲ್ಲೆಯ ಐಹೊಳೆಯಲ್ಲಿ ಹುಟ್ಟಿದ 'ಅಯ್ಯಾವೊಳೆ ಐನೂರ್ವರು' ಎಂಬ ವರ್ತಕ ಸಂಘದ ಹೆಸರನ್ನು ಕೇಳದ ಕನ್ನಡ ವಿದ್ಯಾರ್ಥಿ ಇರಲಾರನು. ಇವರನ್ನು ಹೊಗಳುವ ಹನ್ನೊಂದನೆಯ ಶತಮಾನದ ಶಾಸನವೊಂದು ಶಿಕಾರಿಪುರ ತಾಲ್ಲೂಕಿನಲ್ಲಿದೆ. ಚೇರ, ಚೋಳ, ಪಾಂಡ್ಯ ನಾಡುಗಳಿಂದ ಮೊದಲುಗೊಂಡು ಅವರು ಸುತ್ತುತ್ತಿದ್ದ ದೇಶಗಳ ದೊಡ್ಡ ಪಟ್ಟಿಯೇ ಅದರಲ್ಲಿದೆ; ನೆಲದ ದಾರಿ, ನೀರಿನ ದಾರಿ ಎರಡರ ಮಾತೂ ಇದೆ. ತಮಿಳು ನಾಡಿನಲ್ಲಿ ಈ ಸಂಘ 'ಐನ್ನೂಟ್ರುವರ್' ಎನಿಸಿಕೊಂಡಿತು. ಸಿಂಹಳದಲ್ಲಿಯೂ ಅವರ ಶಾಸನಗಳು ದೊರೆತಿವೆ. ಸುಮಾತ್ರಾ ದ್ವೀಪದ ಬಾರೂಸ್ ಬಳಿಯ ಲೋಬು ತುವಾ ಎಂಬಲ್ಲಿ 1088ರ ಒಂದು ತಮಿಳು ಶಾಸನ ಇವರದೇ. ಐಹೊಳೆಯ ಹೆಸರು ಹೊತ್ತವರು ಕಡಲಾಚೆ ತಮಿಳಿನಲ್ಲಿ ಶಾಸನ ಬರೆಸಿದರೆಂಬುದು ನಮ್ಮಂತಹ ಎರಡು ನುಡಿಗಳ ನಡುವಿನ ಜನಕ್ಕೆ ಹೆಮ್ಮೆಯ ಸಂಗತಿ.

ಈ ವರ್ತಕರು ಯಾವ ಅರಸನ ರಕ್ಷಣೆಯನ್ನೂ ಪೂರ್ತಿಯಾಗಿ ನಂಬಿ ಹೊರಟವರಲ್ಲ. ಅವರ ಸಾತಿನ ಜತೆಗೆ ಅವರದೇ ಆಯುಧಪಾಣಿಗಳು ನಡೆಯುತ್ತಿದ್ದರು. ತಮಿಳು ನಾಡಿನ ಕೆಲವು ಶಾಸನಗಳಲ್ಲಿ 'ಎರಿವೀರಪಟ್ಟಣ' ಎಂಬ ಊರುಗಳ ಉಲ್ಲೇಖವಿದೆ. ಇವು ವೀರರ ಕಾವಲಿನಲ್ಲಿದ್ದ ವರ್ತಕರ ತಂಗುದಾಣಗಳು. ವರ್ತಕರನ್ನು ಸಂಕಟದಲ್ಲಿ ಕಾಪಾಡಿದ ಆಳುಗಳಿಗೆ ಅಲ್ಲಿ ವಿಶೇಷ ಗೌರವ ಸಲ್ಲುತ್ತಿತ್ತು. ಆದುದರಿಂದ ಪರದೇಶಿಯನ್ನು ಕಾಯುವವರು ಯಾರು ಎಂಬ ಪ್ರಶ್ನೆಗೆ ಆ ಕಾಲ ಕೊಟ್ಟ ಮೊದಲ ಉತ್ತರ: 'ಅವನ ಜೊತೆಗಾರರು.'

ಕಳವಿಗೆ ಹೊಣೆ ಯಾರು?

ಎರಡನೆಯ ಉತ್ತರ ಇನ್ನೂ ಗಹನವಾದದ್ದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಆಳಿದನು. ಅವನ ಆಸ್ಥಾನದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದನು. ಆಸ್ತಿ ಪಾಲಿನ ವಿಷಯದಲ್ಲಿ ನಮ್ಮ ನ್ಯಾಯಾಲಯಗಳು ಶತಮಾನಗಳ ಕಾಲ ಆ ಗ್ರಂಥವನ್ನು ಅನುಸರಿಸಿದ್ದು ಎಲ್ಲರಿಗೂ ಗೊತ್ತು. ಆದರೆ ಅದೇ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಕಳವಿನ ಬಗ್ಗೆ ಒಂದು ಕಟ್ಟಳೆಯಿದೆ. ಊರಿನೊಳಗೆ ಕೊಲೆಯೋ ಕಳವೋ ನಡೆದು, ಕಳ್ಳನ ಹೆಜ್ಜೆ ಊರಿನ ಗಡಿ ದಾಟಿ ಹೋಗದಿದ್ದರೆ ದೋಷ ಊರಿನ ಒಡೆಯನದು. ಹುಲ್ಲುಗಾವಲಿನಲ್ಲಿ ನಡೆದರೆ ಆ ಗಾವಲಿನ ಒಡೆಯನದು. ದಾರಿಯಲ್ಲಿ ನಡೆದರೆ ಕಳ್ಳರನ್ನು ಹಿಡಿಯಲು ನೇಮಿಸಿದ ಅಧಿಕಾರಿಯದು. ಹೆಜ್ಜೆ ಯಾವ ಊರಿಗೆ ಹೋಗಿದೆಯೋ ಆ ಊರೇ ನಷ್ಟ ತುಂಬಿಕೊಡಬೇಕು. ಊರಿಗೆ ಹರಿದಾರಿಯಾಚೆ ನಡೆದ ಕಳವಿಗೆ ಸುತ್ತಲಿನ ಐದು ಅಥವಾ ಹತ್ತು ಊರುಗಳು ಸೇರಿ ಹೊಣೆ ಹೊರಬೇಕು. ಕಡೆಗೆ, ಕಳ್ಳರು ಒಯ್ದ ಸೊತ್ತನ್ನು ಪ್ರಜೆಗೆ ಕೊಡಿಸುವ ಹೊಣೆ ರಾಜನದೇ.

ಈ ಕಟ್ಟಳೆಯ ಹಿಂದಿರುವ ವಿವೇಕವನ್ನು ಗಮನಿಸಬೇಕು. 'ನಿನ್ನ ಗಂಟನ್ನು ನೀನೇಕೆ ಕಾಯ್ದುಕೊಳ್ಳಲಿಲ್ಲ?' ಎಂದು ಅದು ದಾರಿಹೋಕನನ್ನು ಕೇಳುವುದಿಲ್ಲ. ಯಾವ ನೆಲದ ಮೇಲೆ ಅವನು ನಡೆದನೋ ಆ ನೆಲದವರನ್ನು ಕೇಳುತ್ತದೆ. ಕಳವಾದರೆ ತಮ್ಮ ಕೈಯಿಂದ ತೆರಬೇಕಾದೀತೆಂಬ ಭಯವಿದ್ದಲ್ಲಿ ಊರಿಗೆ ಊರೇ ಕಾವಲುಗಾರನಾಗುತ್ತದೆ.

ಇದು ಬರಿಯ ಪುಸ್ತಕದ ಬದನೆಕಾಯಿಯೇ ಎಂದು ಸಂದೇಹಪಡುವವರಿಗೆ ಒಬ್ಬ ಪರದೇಶಿಯ ಸಾಕ್ಷ್ಯವಿದೆ. ಪಾರಸೀಕದ ರಾಯಭಾರಿ ಅಬ್ದುಲ್ ರಜಾಕನು 1443ರಲ್ಲಿ ಕಲ್ಲಿಕೋಟೆಯಿಂದ ಮಂಗಳೂರಿನ ಮಾರ್ಗವಾಗಿ ವಿಜಯನಗರಕ್ಕೆ ಬಂದನು. ಕಲ್ಲಿಕೋಟೆಯಲ್ಲಿ ವರ್ತಕರು ಸರಕನ್ನು ಹಡಗಿನಿಂದ ಇಳಿಸಿ ಬೀದಿಯಲ್ಲಿಯೇ ಬಿಟ್ಟು ನಿಶ್ಚಿಂತೆಯಿಂದ ಇರುತ್ತಿದ್ದರು. ಸುಂಕದ ಅಧಿಕಾರಿಗಳೇ ಅದರ ಕಾವಲಿನ ಹೊಣೆ ಹೊರುತ್ತಿದ್ದರು ಎಂದು ಅವನು ಬರೆದಿದ್ದಾನೆ. ವಿಜಯನಗರದಲ್ಲಿ ಏಳು ಸುತ್ತಿನ ಕೋಟೆಯೊಳಗೆ ಏನೇ ಕಳವಾದರೂ ಕಾವಲಿನವರು ಅದನ್ನು ಹುಡುಕಿ ಒಪ್ಪಿಸಬೇಕಾಗಿತ್ತು. ಇಲ್ಲವಾದರೆ ದಂಡ ತೆರಬೇಕಾಗಿತ್ತು. ಅವನ ಸಂಗಡಿಗನೊಬ್ಬನ ಆಳುಗಳು ಓಡಿಹೋದಾಗ ದೂರು ಕೋತವಾಲನ ಬಳಿಗೆ ಹೋಯಿತು. ಆ ಕೇರಿಯ ಕಾವಲಿನವರು ಅವರನ್ನು ಹಿಡಿದು ತರಬೇಕು, ಇಲ್ಲವೇ ಬೆಲೆ ತೆರಬೇಕು ಎಂದು ಆಜ್ಞೆಯಾಯಿತು. ಅವರು ಬೆಲೆಯನ್ನೇ ತೆತ್ತರು. ಮನುಷ್ಯರನ್ನು ಸೊತ್ತಿನಂತೆ ಎಣಿಸುತ್ತಿದ್ದ ಆ ಕಾಲದ ಅನ್ಯಾಯ ನಮ್ಮ ಮನಸ್ಸನ್ನು ಚುಚ್ಚುತ್ತದೆ. ಆದರೂ ಕಲ್ಯಾಣದಲ್ಲಿ ವ್ಯಾಖ್ಯಾನಗೊಂಡ ಹೊಣೆಗಾರಿಕೆಯ ತತ್ತ್ವ ಮೂರು ಶತಮಾನಗಳ ಮೇಲೆ ಹಂಪೆಯ ಬೀದಿಯಲ್ಲಿ ಬಳಕೆಯಲ್ಲಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ನಮ್ಮ ಮಧುರೆ ಸೀಮೆಯಲ್ಲಿ ಇದೇ ತತ್ತ್ವ 'ಕಾವಲ್' ಎಂಬ ಹೆಸರಿನಲ್ಲಿ ನಿಂತಿತ್ತು. ಊರಿನ ಕಾವಲುಗಾರನಿಗೆ ಸುಗ್ಗಿಯಲ್ಲಿ ಇಂತಿಷ್ಟು ಧಾನ್ಯ, ಇಂತಿಷ್ಟು ಹಣ ಸಲ್ಲುತ್ತಿತ್ತು. ಅದಕ್ಕೆ ಪ್ರತಿಯಾಗಿ ಕಳವಾದುದನ್ನು ಅವನು ಹುಡುಕಿಕೊಡಬೇಕು, ಇಲ್ಲವೇ ನಷ್ಟ ಕಟ್ಟಿಕೊಡಬೇಕು. ಕನ್ನಡ ನಾಡಿನ ಆಯಗಾರರಲ್ಲಿ ತಳವಾರನು ಮಾಡುತ್ತಿದ್ದುದೂ ಇದೇ ಕೆಲಸ. ಪಾಳೆಯಗಾರರು ದಾರಿಗಳ ಕಾವಲನ್ನು ವಹಿಸಿಕೊಂಡು ಅದಕ್ಕಾಗಿ ಸುಂಕ ಎತ್ತುತ್ತಿದ್ದರು. ರಾಣಿ ಮಂಗಮ್ಮಾಳು 1689ರಿಂದ 1706ರವರೆಗೆ ಮೊಮ್ಮಗನ ಪರವಾಗಿ ಮಧುರೆಯ ರಾಜ್ಯಭಾರ ಮಾಡಿದಳು. ದಾರಿಯುದ್ದಕ್ಕೂ ಮರಗಳನ್ನೂ ಛತ್ರಗಳನ್ನೂ ಮಾಡಿಸಿದ ಪುಣ್ಯಾತ್ಮೆ ಅವಳು. ಮಧುರೆಯ ರೈಲು ನಿಲ್ದಾಣದ ಎದುರಿನ ಮಂಗಮ್ಮಾಳ್ ಛತ್ರವನ್ನು ನಮ್ಮಲ್ಲಿ ನೋಡದವರು ವಿರಳ. ಛತ್ರವೆಂದರೆ ಅನ್ನ ಮಾತ್ರವಲ್ಲ, ರಾತ್ರಿಯ ಕಾವಲೂ ಹೌದು. ಬಾಗಿಲಿರುವ ಒಂದು ಮನೆ, ದೀಪವಿರುವ ಒಂದು ಜಗಲಿ, ಮಲಗಿದವರನ್ನು ಎಣಿಸುವ ಒಬ್ಬ ಮಣೆಗಾರ ಇವಿಷ್ಟಿದ್ದರೆ ಯಾತ್ರಿಕನು ನಿಶ್ಚಿಂತೆಯಿಂದ ಕಣ್ಣು ಮುಚ್ಚುತ್ತಿದ್ದನು.

ಹೆಸರಿನ ಮೇಲೆ ಬಿದ್ದ ಕಳಂಕ

ಕಾವಲಿನ ಕಥೆಗೆ ಒಂದು ಕಹಿಯಾದ ಅಧ್ಯಾಯವಿದೆ. ಅದನ್ನು ಮುಚ್ಚಿಡುವುದು ಇತಿಹಾಸಕಾರನಿಗೆ ತಕ್ಕುದಲ್ಲ. ಮಧುರೆ ಸೀಮೆಯಲ್ಲಿ ಕಾವಲಿನ ಹಕ್ಕು ಬಹುಮಟ್ಟಿಗೆ ಕಳ್ಳರ್ ಎಂಬ ಸಮುದಾಯದವರಲ್ಲಿತ್ತು. ಕನ್ನಡದ ಕಿವಿಗೆ ಆ ಹೆಸರೇ ದೋಷವಾಗಿ ಕೇಳುತ್ತದೆ. ಹೆಸರನ್ನು ಕೇಳಿ ಮನುಷ್ಯನನ್ನು ಅಳೆಯುವ ತಪ್ಪು ಅಲ್ಲಿಂದಲೇ ಶುರುವಾಗುತ್ತದೆ. ಕಂಪನಿ ಸರ್ಕಾರ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಹಳೆಯ ಕಾವಲಿನ ಹಕ್ಕುಗಳನ್ನು ಕಿತ್ತುಕೊಂಡು ತನ್ನ ಪೋಲೀಸನ್ನು ನಿಲ್ಲಿಸಿತು. ಹಕ್ಕು ಕಾಗದದ ಮೇಲೆ ಹೋದರೂ ರೂಢಿ ಹೋಗಲಿಲ್ಲ. ಕಾವಲು ಕೊಡದವರ ದನ ಕಳವಾಗುವುದು, 'ತುಪ್ಪುಕೂಲಿ' ಎಂಬ ಸುಳಿವಿನ ಹಣ ಕೊಟ್ಟ ಮೇಲೆ ಆ ದನ ಹೊಲದಲ್ಲಿ ಕಟ್ಟಿ ಹಾಕಿದ ಸ್ಥಿತಿಯಲ್ಲಿ ಸಿಗುವುದು, ಇಂತಹ ಸಂಗತಿಗಳನ್ನು ಫ್ರಾನ್ಸಿಸ್ ವಿವರವಾಗಿ ಬರೆದಿದ್ದಾರೆ. ಇದರಿಂದ ಬೇಸತ್ತ ದಿಂಡಿಗಲ್ ತಾಲ್ಲೂಕಿನ ರೈತರು 1896ರಲ್ಲಿ ಒಂದು ಚಳವಳಿ ಹೂಡಿದರು. ಊರೂರುಗಳು ಹಣ ಕೂಡಿಸಿ, ದನ ಕಳೆದುಕೊಂಡವರಿಗೆ ಆ ನಿಧಿಯಿಂದಲೇ ನಷ್ಟ ತುಂಬಿಕೊಡುವ ಏರ್ಪಾಡು ಮಾಡಿಕೊಂಡವು. ಇಂಗ್ಲಿಷಿನ 'ಫಂಡ್' ಎಂಬ ಮಾತು ಜನರ ಬಾಯಲ್ಲಿ 'ಪಂಡು' ಆಗಿ, ಚಳವಳಿಗೂ ಅದೇ ಹೆಸರಾಯಿತು. ಇಂದಿನ ವಿಮೆಯ ತತ್ತ್ವ ನಮ್ಮ ತಾಲ್ಲೂಕುಗಳಲ್ಲಿ ಹಳ್ಳಿಗರ ಕೈಯಲ್ಲಿಯೇ ಹುಟ್ಟಿದ ಬಗೆ ಇದು. ಆದರೆ ಅದೇ ಚಳವಳಿ ಮಿತಿ ಮೀರಿ ಕಾವಲುಗಾರರ ಮನೆಗಳಿಗೆ ಬೆಂಕಿ ಬಿತ್ತು. ನಿರಪರಾಧಿ ಕುಟುಂಬಗಳು ಊರು ಬಿಡಬೇಕಾಯಿತು.

ಮುಂದೆ ಸರ್ಕಾರ 1911ರ ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ಪಿರಮಲೈ ಕಳ್ಳರ ಮೇಲೆ ಹೇರಿತು. ಹುಟ್ಟಿನಿಂದಲೇ ಅಪರಾಧಿಯೆಂದು ಎಣಿಸಿ ಬೆರಳಚ್ಚು ಪಡೆಯುವುದನ್ನು ಪ್ರತಿಭಟಿಸಿದ ಪೆರುಂಗಾಮನಲ್ಲೂರಿನ ಜನರ ಮೇಲೆ 1920ರ ಏಪ್ರಿಲ್ 3ರಂದು ಗುಂಡು ಹಾರಿತು; ಹಲವರು ಪ್ರಾಣ ತೆತ್ತರು. ಮದರಾಸು ಪ್ರಾಂತದಲ್ಲಿ 1947ರಲ್ಲಿಯೂ ದೇಶದ ಮಟ್ಟದಲ್ಲಿ 1952ರಲ್ಲಿಯೂ ಆ ಕಾಯಿದೆ ರದ್ದಾಯಿತು. ಊರನ್ನು ಕಾಯುತ್ತಿದ್ದವರ ಕೆಲಸವನ್ನು ಕಸಿದು, ಬಳಿಕ ಅವರನ್ನೇ ಕಳ್ಳರೆಂದು ಪಟ್ಟಿ ಮಾಡಿದ ಈ ಪ್ರಸಂಗ ಪ್ರಯಾಣಿಕನಿಗೂ ಒಂದು ಪಾಠ ಹೇಳುತ್ತದೆ. ಪರಸ್ಥಳದಲ್ಲಿ ಎಚ್ಚರವಾಗಿರಬೇಕು, ನಿಜ; ಆದರೆ ಬಣ್ಣ, ಬಟ್ಟೆ, ಕುಲ, ಹೆಸರುಗಳನ್ನು ನೋಡಿ ಇವನು ಕಳ್ಳ, ಇವನು ಸಂಭಾವಿತ ಎಂದು ತೀರ್ಮಾನಿಸುವುದು ಎಚ್ಚರವಲ್ಲ. ಅದು ಅನ್ಯಾಯವೂ ಹೌದು, ಅಪಾಯವೂ ಹೌದು. ಏಕೆ ಅಪಾಯ ಎಂಬುದನ್ನು ಮುಂದಿನ ಸಂಗತಿ ತಿಳಿಸುತ್ತದೆ.

ಸಂಭಾವಿತನ ವೇಷ

ಶ್ರೀರಂಗಪಟ್ಟಣವು 1799ರಲ್ಲಿ ಬಿದ್ದ ಮೇಲೆ ಬೆಂಗಳೂರಿನ ಸುತ್ತಮುತ್ತ ಸುಮಾರು ನೂರು ಮಂದಿ ದಾರಿಗಳ್ಳರು ಸೆರೆಸಿಕ್ಕಿದರು. ಇವರು 'ಫಾಂಸಿಗಾರರು', ಎಂದರೆ ಕೊರಳಿಗೆ ಉರುಲು ಬಿಗಿದು ಕೊಲ್ಲುವವರು. ಮದರಾಸಿನ ವೈದ್ಯ ರಿಚರ್ಡ್ ಶೆರ್ವುಡ್ ಎಂಬವರು 1816ರಲ್ಲಿ ಇವರ ವಿಷಯವಾಗಿ ಒಂದು ಪ್ರಬಂಧ ಬರೆದರು. ಫಾಂಸಿಗಾರನ ಆಯುಧ ಬಟ್ಟೆಯ ತುಂಡಲ್ಲ, ಅವನ ನಯವಾದ ಮಾತು ಎಂಬುದು ಅದನ್ನು ಓದಿದಾಗ ಮನದಟ್ಟಾಗುತ್ತದೆ. ಅವರು ವರ್ತಕರಂತೆ, ಯಾತ್ರಿಕರಂತೆ ಬರುತ್ತಿದ್ದರು. ಸಂಶಯ ಬಾರದಿರಲೆಂದು ಕೆಲವೊಮ್ಮೆ ಮಕ್ಕಳನ್ನೂ ಜತೆಗೆ ಕರೆತರುತ್ತಿದ್ದರು. 'ದಾರಿ ಕೆಟ್ಟದು, ಕಳ್ಳರ ಭಯ. ಒಟ್ಟಿಗೆ ಹೋಗೋಣ' ಎನ್ನುತ್ತಿದ್ದರು. ಅಯ್ಯಾವೊಳೆಯ ವರ್ತಕನನ್ನು ಕಾಯ್ದ 'ಜೊತೆ' ಇಲ್ಲಿ ಅವನ ಕೊರಳಿನ ಉರುಲಾಯಿತು. ಫಿಲಿಪ್ ಮೆಡೋಸ್ ಟೇಲರ್ 1839ರಲ್ಲಿ ಠಕ್ಕನೊಬ್ಬನ ಆತ್ಮನಿವೇದನೆಯ ರೂಪದ ಕಾದಂಬರಿ ಬರೆದು ಇಂಗ್ಲೆಂಡನ್ನೇ ಬೆಚ್ಚಿಬೀಳಿಸಿದನು. ಬಳಿಕ ನಮ್ಮ ಸುರಪುರದ ಆಡಳಿತಗಾರನಾಗಿ ಬಂದವನು ಇವನೇ. ಠಕ್ಕರ ಸಂಖ್ಯೆಯನ್ನೂ ಕ್ರೌರ್ಯವನ್ನೂ ಇಂಗ್ಲಿಷರು ಹಿಗ್ಗಿಸಿ ಬರೆದರೆಂದು ಇತ್ತೀಚಿನ ಇತಿಹಾಸಕಾರರು ವಾದಿಸುತ್ತಾರೆ. ಅದರಲ್ಲಿ ಸತ್ಯಾಂಶವಿದೆ. ಆದರೆ ಸ್ನೇಹದ ಮುಖವಾಡದ ತಂತ್ರ ಮಾತ್ರ ಕಟ್ಟುಕತೆಯಲ್ಲ.

ಆ ಕಾಲದ ಒಂದು ಎಚ್ಚರಿಕೆಯ ಪತ್ರವನ್ನು ಇಲ್ಲಿ ಸ್ಮರಿಸಬೇಕು. ರಜೆಯ ಮೇಲೆ ಊರಿಗೆ ಹೊರಟ ಸಿಪಾಯಿಗಳು ಸಂಬಳದ ಹಣದೊಡನೆ ದಾರಿಯಲ್ಲಿಯೇ ಕಾಣೆಯಾಗುತ್ತಿದ್ದರು. 1810ರಲ್ಲಿ ಉತ್ತರ ಭಾರತದ ಸೇನಾಧಿಕಾರಿ ಮೇಜರ್ ಜನರಲ್ ಸೇಂಟ್ ಲೆಜರ್ ಅವರಿಗಾಗಿ ಒಂದು ಆಜ್ಞೆ ಹೊರಡಿಸಿದನು. ದಾರಿಯಲ್ಲಿ ಸಿಕ್ಕ ಅಪರಿಚಿತರೊಡನೆ ಸೇರಬೇಡಿ. ಬೆಳಕು ಹರಿಯುವ ಮುನ್ನ ಹೊರಡಬೇಡಿ. ನಗದನ್ನು ಹೊತ್ತೊಯ್ಯಬೇಡಿ, ಸರ್ಕಾರಿ ಖಜಾನೆಯ ಮೇಲೆ ಹುಂಡಿ ಬರೆಸಿಕೊಂಡು ಹೋಗಿ. ಇದು ಅದರ ಸಾರಾಂಶ. ಇನ್ನೂರು ವರ್ಷಗಳ ಮೇಲೆ ನಮ್ಮ ಮಕ್ಕಳಿಗೆ ವಿಮಾನ ನಿಲ್ದಾಣದಲ್ಲಿ ನಾವು ಹೇಳುವ ಬುದ್ಧಿಮಾತು ಇದಕ್ಕಿಂತ ಬಹಳ ಬೇರೆಯಾಗಿಲ್ಲ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಯೂರೋಪಿನ ಒಂದು ದೊಡ್ಡ ನಗರದ ರೈಲು ನಿಲ್ದಾಣದಲ್ಲಿ ನಿಂತಿದ್ದಾಗ ಸಭ್ಯ ಉಡುಪಿನ ಗಂಡ ಹೆಂಡಿರಿಬ್ಬರು ಬಂದು, 'ನಿಮ್ಮ ಕೋಟಿನ ಮೇಲೆ ಏನೋ ಚೆಲ್ಲಿದೆ' ಎಂದು ಕರವಸ್ತ್ರದಿಂದ ಒರೆಸಿದರಂತೆ. ಅವನು ಧನ್ಯವಾದ ಹೇಳಿ ತಿರುಗುವಷ್ಟರಲ್ಲಿ ಕಾಲ ಬಳಿಯಿದ್ದ ಚೀಲ ಮಾಯವಾಗಿತ್ತು. ಅವನು ಹೇಳಿದ್ದನ್ನು ಕೇಳಿದಾಗ ನನಗೆ ಶೆರ್ವುಡ್ಡರ ಪ್ರಬಂಧದ ನೆನಪಾಯಿತು. ಉರುಲು ಹೋಗಿ ಕರವಸ್ತ್ರವಷ್ಟೇ ಉಳಿದಿದೆ; ಪ್ರಾಣಕ್ಕೆ ಅಪಾಯ ಕಡಿಮೆಯಾಗಿದೆ; ವಿದ್ಯೆ ಮಾತ್ರ ಅದೇ.

ಹಮ್ಮಿಣಿ, ಹುಂಡಿ, ಚೀಟಿ

ಹಣವನ್ನು ಹೊತ್ತೊಯ್ಯುವ ಕಷ್ಟಕ್ಕೆ ನಮ್ಮ ಹಿರಿಯರು ಎರಡು ಉಪಾಯ ಕಂಡುಕೊಂಡಿದ್ದರು. ಮೊದಲನೆಯದು ಹಮ್ಮಿಣಿ. ಒಳಗೆ ನಾಣ್ಯ ತುಂಬಿ, ಪಂಚೆಯ ಒಳಗೆ ಸೊಂಟಕ್ಕೆ ಬಿಗಿಯುವ ಉದ್ದನೆಯ ಬಟ್ಟೆಯ ಚೀಲ ಅದು. ಮೇಲುಖರ್ಚಿನ ಚಿಲ್ಲರೆ ಎಲೆಯಡಿಕೆಯ ಸಂಚಿಯಲ್ಲಿ, ಮೂಲಧನ ಹಮ್ಮಿಣಿಯಲ್ಲಿ. ಛತ್ರದಲ್ಲಿ ನಾಲ್ಕು ಜನರ ಮುಂದೆ ಸಂಚಿ ಬಿಚ್ಚಬಹುದು, ಹಮ್ಮಿಣಿ ಬಿಚ್ಚಬಾರದು ಎಂಬುದು ಅಲಿಖಿತ ಶಾಸನ.

ಎರಡನೆಯದು ಹುಂಡಿ. ಒಂದೂರಿನ ಸಾಹುಕಾರನಲ್ಲಿ ಹಣ ಕಟ್ಟಿ, ಅವನು ಬರೆದುಕೊಟ್ಟ ಚೀಟಿಯನ್ನು ದೂರದ ಊರಿನ ಅವನ ವಾಡಿಕೆಯ ಕೋಠಿಯಲ್ಲಿ ತೋರಿಸಿ ಹಣ ಪಡೆಯುವ ಪದ್ಧತಿ ಇದು. ಕಾಶಿಗೆ ಹೊರಟವರನ್ನು ಮರಳಿ ಬರುವರೆಂಬ ಭರವಸೆಯಿಲ್ಲದೆ ಬೀಳ್ಕೊಡುತ್ತಿದ್ದ ಕಾಲದಲ್ಲಿ ಹುಂಡಿ ಒಂದು ದೊಡ್ಡ ಆಸರೆ. ಚೀಟಿ ಕಳವಾದರೂ ಕಳ್ಳನಿಗೆ ಹಣ ಸಿಗುವುದು ಕಷ್ಟ. ಅದನ್ನು ತಂದವನು ಯಾರೆಂಬುದನ್ನು ಕೋಠಿಯವನು ವಿಚಾರಿಸುತ್ತಿದ್ದನು. 1881ರ ಕಾಯಿದೆಯು ಚೆಕ್ಕು ಮೊದಲಾದ ಪತ್ರಗಳ ನಿಯಮವನ್ನು ರೂಪಿಸಿದಾಗಲೂ ದೇಶೀ ಹುಂಡಿಯನ್ನು ಆಯಾ ಸ್ಥಳದ ರೂಢಿಗೇ ಬಿಟ್ಟುಕೊಟ್ಟಿತು. ಅಮೆರಿಕದ ಒಂದು ಸಂಸ್ಥೆ 1891ರಲ್ಲಿ ಹೊರತಂದ ಪ್ರವಾಸಿ ಚೆಕ್ಕು ಇದೇ ತತ್ತ್ವದ್ದು. ಕೊಳ್ಳುವಾಗ ಒಂದು ಸಹಿ, ಬಿಡಿಸುವಾಗ ಇನ್ನೊಂದು. ಎರಡೂ ಹೊಂದಿದರೆ ಮಾತ್ರ ಹಣ. ಇಂದಿನ ಕಾರ್ಡಿಗಿರುವ ಗುಟ್ಟಿನ ಸಂಖ್ಯೆ ಆ ಎರಡನೆಯ ಸಹಿಯ ಮೊಮ್ಮಗ.

ಚೀಟಿಯೆಲ್ಲವೂ ರಕ್ಷಕವೆಂದು ತಿಳಿಯಬಾರದು. ಹತ್ತೊಂಬತ್ತನೆಯ ಶತಮಾನದಲ್ಲಿ ಮಧುರೆ, ತಿರುಚಿರಾಪಳ್ಳಿ, ಸೇಲಂ ಜಿಲ್ಲೆಗಳ ಬಡಜನರು ಕಂಗಾಣಿಗಳ ಕೈಹಿಡಿದು ಸಿಂಹಳದ ಕಾಫಿ, ಚಹಾ ತೋಟಗಳಿಗೆ ಹೋದರು. ಅಲ್ಲಿ 'ತುಂಡು' ಎಂಬ ಚೀಟಿಯೊಂದಿತ್ತು. ಕೂಲಿಗಳ ಮೇಲಿರುವ ಸಾಲ ತೀರಿಸಿದರೆ ಅವರನ್ನು ಬಿಡುಗಡೆ ಮಾಡುತ್ತೇನೆಂದು ತೋಟದವನು ಬರೆದುಕೊಡುತ್ತಿದ್ದ ಚೀಟಿ ಅದು. ಸಾಲ ಒಂದು ತೋಟದಿಂದ ಇನ್ನೊಂದಕ್ಕೆ ಸಾಗುತ್ತಿತ್ತು, ಅದರ ಜತೆಗೆ ಮನುಷ್ಯರೂ ಸಾಗುತ್ತಿದ್ದರು. 1921ರಲ್ಲಿ ತುಂಡಿನ ಪದ್ಧತಿ ರದ್ದಾಯಿತು. ಹುಂಡಿ ಹಣವನ್ನು ಕಾಯ್ದ ಚೀಟಿ. ತುಂಡು ಮನುಷ್ಯನನ್ನೇ ಕಟ್ಟಿಹಾಕಿದ ಚೀಟಿ. ಪರದೇಶದಲ್ಲಿ ನಡೆಯುವ ಅತಿ ದೊಡ್ಡ ಕಳವು ಜೇಬುಗಳ್ಳನದಲ್ಲ, ಕೆಲಸ ಕೊಡಿಸುವೆನೆಂದು ಕರೆದೊಯ್ಯುವವನದು. ನಮ್ಮ ದೇಶದಲ್ಲಿ 1983ರ ವಲಸೆ ಕಾಯಿದೆ ಬಂದು, ಹೊರದೇಶಕ್ಕೆ ಕೆಲಸಗಾರರನ್ನು ಕಳಿಸುವ ಏಜೆಂಟರು ನೋಂದಣಿ ಮಾಡಿಸಿಕೊಳ್ಳಲೇಬೇಕೆಂದು ವಿಧಿಸಿದ್ದು ಈ ಕಾರಣದಿಂದಲೇ.

ಕಡಲಾಚೆಯ ದಿಕ್ಕು

ಮೊರಾಕ್ಕೋದ ಇಬ್ನ್ ಬತೂತನು ಹದಿನಾಲ್ಕನೆಯ ಶತಮಾನದ ನಡುಗಾಲದಲ್ಲಿ ನಮ್ಮ ಮಧುರೆಗೂ ಬಂದಿದ್ದನು. ಆಗ ಅಲ್ಲಿ ಸುಲ್ತಾನರ ಆಳ್ವಿಕೆ. ಮಲಬಾರಿನ ನೆಲದ ದಾರಿಯಷ್ಟು ಕಳ್ಳರ ಭಯವಿಲ್ಲದ ದಾರಿಯನ್ನು ಬೇರೆಲ್ಲಿಯೂ ಕಾಣೆನೆಂಬಂತೆ ಅವನು ಹೊಗಳಿದ್ದಾನೆ. ಅಂತಹವನು ಮಧುರೆಯಿಂದ ಹೊರಟು ಕೊಲ್ಲಂ ಮುಟ್ಟಿ, ಅಲ್ಲಿಂದ ಹೊನ್ನಾವರಕ್ಕೆ ಹಡಗಿನಲ್ಲಿ ಹೋಗುತ್ತಿದ್ದಾಗ, ಹೊನ್ನಾವರ ಬಾರಕೂರುಗಳ ನಡುವಿನ ಕಡಲಿನಲ್ಲಿ ಹನ್ನೆರಡು ಹಡಗುಗಳ ಕಡಲ್ಗಳ್ಳರು ಮುತ್ತಿದರು. ಸಿಂಹಳದ ಅರಸನು ಕೊಟ್ಟಿದ್ದ ರತ್ನಗಳು, ಬಟ್ಟೆಬರೆ, ಆಪತ್ಕಾಲಕ್ಕೆಂದು ಇಟ್ಟುಕೊಂಡಿದ್ದ ಸರ್ವಸ್ವವೂ ಹೋಗಿ ಮೈಮೇಲೆ ಷರಾಯಿಯೊಂದೇ ಉಳಿಯಿತು. ಆ ಸ್ಥಿತಿಯಲ್ಲಿ ಅವನು ಕಲ್ಲಿಕೋಟೆಗೆ ಮರಳಿದನು. ಅಲ್ಲಿ ಒಬ್ಬ ಪಂಡಿತನು ನಿಲುವಂಗಿ ಕಳಿಸಿದನು, ಕಾಜಿಯು ರುಮಾಲು ಕಳಿಸಿದನು, ವರ್ತಕನೊಬ್ಬನು ಇನ್ನೊಂದು ಅಂಗಿ ಕೊಟ್ಟನು. ಜಗತ್ತನ್ನು ಸುತ್ತಿದ ಮಹಾಯಾತ್ರಿಕನಿಗೂ ಕಡೆಗೆ ಮಾನ ಮುಚ್ಚಿದ್ದು ಪರಸ್ಥಳದಲ್ಲಿದ್ದ ತನ್ನವರೇ.

ಇಪ್ಪತ್ತನೆಯ ಶತಮಾನದಲ್ಲಿ ಈ ಮಾತು ಲಕ್ಷಾಂತರ ಜನರ ಅನುಭವವಾಯಿತು. 1942ರಲ್ಲಿ ಜಪಾನೀ ಸೈನ್ಯ ಬರ್ಮಾಕ್ಕೆ ನುಗ್ಗಿದಾಗ ಅಲ್ಲಿದ್ದ ಸುಮಾರು ನಾಲ್ಕೈದು ಲಕ್ಷ ಭಾರತೀಯರು ಊರು ಬಿಟ್ಟರು. ಬಹುಜನ ಕಾಡುಬೆಟ್ಟಗಳ ದಾರಿಯಲ್ಲಿ ಕಾಲ್ನಡಿಗೆಯಲ್ಲಿ ಬಂದರು. ದರೋಡೆಕೋರರಿಗೆ, ಹಸಿವಿಗೆ, ಕಾಲರಾಕ್ಕೆ ಸಿಕ್ಕಿ ಸಾವಿರಾರು ಜನ ದಾರಿಯಲ್ಲಿಯೇ ಕೊನೆಗಂಡರು. ಅವರನ್ನು ಕಾಯಬೇಕಾಗಿದ್ದ ಸರ್ಕಾರ ಅವರದಾಗಿರಲಿಲ್ಲ. 1990ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಸ್ಥಿತಿ ಬೇರೆಯಾಗಿತ್ತು. ಕರಾವಳಿ ಕರ್ನಾಟಕದವರೂ ಸೇರಿದಂತೆ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರು ವರ್ಷಗಳ ಉಳಿತಾಯವನ್ನು ಅಲ್ಲಿಯೇ ಬಿಟ್ಟು, ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನಗಳಲ್ಲಿ ಮನೆ ಸೇರಿದರು. 2023ರ ಏಪ್ರಿಲಿನಲ್ಲಿ ಸೂಡಾನಿನ ಅಂತರ್ಯುದ್ಧದಲ್ಲಿ ಸಿಲುಕಿದವರಲ್ಲಿ ಗಿಡಮೂಲಿಕೆಯ ಎಣ್ಣೆ ಮಾರಲು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಜನರೂ ಇದ್ದರು. ಅಲೆಮಾರಿಗಳೆಂದು ನಾವು ಕಡೆಗಣಿಸಿದ ಜನ ಅಯ್ಯಾವೊಳೆಯ ವರ್ತಕರಂತೆಯೇ ಗುಂಪುಗೂಡಿ ಆಫ್ರಿಕಾದವರೆಗೆ ವ್ಯಾಪಾರಕ್ಕೆ ಹೋಗಿದ್ದರು. ಅವರನ್ನೂ ಇತರರನ್ನೂ ಕರೆತಂದ ಕಾರ್ಯಾಚರಣೆಗೆ ಇಟ್ಟ ಹೆಸರು 'ಕಾವೇರಿ'.

ಈ ಬದಲಾವಣೆಯ ಹಿಂದೆ ಇರುವುದು ಪಾಸ್‌ಪೋರ್ಟು ಎಂಬ ಪುಟ್ಟ ಪುಸ್ತಕ. ಅದರ ಮೊದಲ ಪುಟವನ್ನು ನಾವು ಯಾರೂ ಓದುವುದಿಲ್ಲ. ಇದನ್ನು ಹೊಂದಿದವರನ್ನು ಅಡ್ಡಿಯಿಲ್ಲದೆ ಹೋಗಗೊಡಬೇಕು, ಅವರಿಗೆ ಅಗತ್ಯವಾದ ನೆರವನ್ನೂ ರಕ್ಷಣೆಯನ್ನೂ ಕೊಡಬೇಕು ಎಂದು ರಾಷ್ಟ್ರಪತಿಗಳ ಹೆಸರಿನಲ್ಲಿ ಅಲ್ಲಿ ಲೋಕಕ್ಕೆಲ್ಲ ಕೋರಿಕೆ ಇದೆ. ಐನೂರ್ವರು ಕತ್ತಿಯಿಂದ ಪಡೆದುದನ್ನು ಇಂದು ನಾವು ಒಂದು ಪುಟದ ವಿನಂತಿಯಿಂದ ಪಡೆಯುತ್ತೇವೆ. 1963ರ ವಿಯೆನ್ನಾ ಒಪ್ಪಂದದ ಪ್ರಕಾರ ಪರದೇಶದಲ್ಲಿ ಬಂಧನಕ್ಕೊಳಗಾದವನು ತನ್ನ ದೇಶದ ದೂತಾವಾಸಕ್ಕೆ ಸುದ್ದಿ ಮುಟ್ಟಿಸಬೇಕೆಂದು ಕೇಳುವ ಹಕ್ಕುಳ್ಳವನು. ಮೇಲೆ ಹೇಳಿದ ನನ್ನ ವಿದ್ಯಾರ್ಥಿಯ ಪಾಸ್‌ಪೋರ್ಟು ಚೀಲದೊಡನೆ ಹೋಗಿತ್ತು. ಅವನು ಅಲ್ಲಿಯ ಪೋಲೀಸರಲ್ಲಿ ದೂರು ಬರೆಸಿ, ಅದರ ಪ್ರತಿಯೊಡನೆ ನಮ್ಮ ದೂತಾವಾಸಕ್ಕೆ ಹೋದನು. ತಾಯ್ನಾಡಿಗೆ ಮರಳಲು ಮಾತ್ರ ಸಲ್ಲುವ ತುರ್ತು ಪ್ರಮಾಣಪತ್ರ ಪಡೆದು ಊರಿಗೆ ಬಂದನು. ಆ ಕಚೇರಿಯ ಮೊಗಸಾಲೆಯಲ್ಲಿ ಅವನು ಮನೆಗೆ ಫೋನು ಮಾಡಿ ಕನ್ನಡದಲ್ಲಿ ಮಾತನಾಡುತ್ತಿದ್ದುದನ್ನು ಕೇಳಿದ ಧಾರವಾಡದ ಕಡೆಯ ದಂಪತಿಗಳು ಎರಡು ದಿನ ತಮ್ಮ ಮನೆಯಲ್ಲಿರಿಸಿಕೊಂಡು ಊಟ ಹಾಕಿದರಂತೆ. ಕಲ್ಲಿಕೋಟೆಯ ನಿಲುವಂಗಿ ಏಳು ಶತಮಾನಗಳಾದರೂ ಹರಿದಿಲ್ಲ.

ಕಾವಲು ನಾಲ್ಕು ಬಗೆ

ಇಷ್ಟನ್ನೂ ಒಟ್ಟುಗೂಡಿಸಿ ನೋಡಿದರೆ ಪರದೇಶಿಯನ್ನು ಕಾಯುವ ಕಾವಲು ನಾಲ್ಕು ಬಗೆ: ಜೊತೆಗಾರರು, ನೆಲದವರು, ಕಾಗದ, ನುಡಿ. ಇವುಗಳಲ್ಲಿ ಎರಡನೆಯದು ಇಂದು ಬಹಳ ಕ್ಷೀಣಿಸಿದೆ. ಕಳೆದುಕೊಂಡ ಗಂಟಿಗೆ ಬೆಲೆ ತೆರುವ ಊರು ಇಂದು ಭೂಮಿಯ ಮೇಲೆ ಎಲ್ಲಿಯೂ ಇಲ್ಲ. ಹೊಣೆ ಪ್ರಯಾಣಿಕನ ತಲೆಯ ಮೇಲೇ ಬಿದ್ದಿದೆ. ಊರಿನ ಜಾಗದಲ್ಲಿ ವಿಮೆಯ ಕಂಪನಿ ನಿಂತಿದೆ. ಆದುದರಿಂದ ಉಳಿದ ಮೂರನ್ನು ಬಿಗಿಯಾಗಿ ಹಿಡಿದುಕೊಳ್ಳುವುದು ಅನಿವಾರ್ಯ.

ಹೊರದೇಶಕ್ಕೆ ಹೊರಡುವ ನಮ್ಮ ಯುವಕ ಯುವತಿಯರಿಗೆ ಈ ಮುದಿ ಮೇಷ್ಟರ ನಾಲ್ಕು ಮಾತು. ಹಣವನ್ನೂ ಕಾರ್ಡುಗಳನ್ನೂ ಒಂದೇ ಕಡೆ ಇಡಬೇಡಿ. ಹಮ್ಮಿಣಿ ಬೇರೆ, ಸಂಚಿ ಬೇರೆ ಎಂಬುದನ್ನು ಮರೆಯಬೇಡಿ. ಪಾಸ್‌ಪೋರ್ಟಿನ ನಕಲನ್ನು ಇನ್ನೊಂದು ಚೀಲದಲ್ಲಿಯೂ ಮನೆಯವರ ಬಳಿಯೂ ಇಡಿ. ಹೋಗುವ ದೇಶದಲ್ಲಿರುವ ನಮ್ಮ ದೂತಾವಾಸದ ವಿಳಾಸವನ್ನು ಫೋನಿನಲ್ಲಿ ಮಾತ್ರವಲ್ಲದೆ ಒಂದು ಚೀಟಿಯ ಮೇಲೂ ಬರೆದುಕೊಳ್ಳಿ. ಬೇಡದ ಉಪಕಾರಕ್ಕೆ ಬಂದ ಅಪರಿಚಿತನ ಬಳಿ ಮೊದಲು ಚೀಲ ಹಿಡಿದುಕೊಳ್ಳಿ, ಆಮೇಲೆ ಧನ್ಯವಾದ ಹೇಳಿ. ಕೆಲಸ ಕೊಡಿಸುವವನ ನೋಂದಣಿ ನೋಡದೆ ಒಂದು ರೂಪಾಯಿಯನ್ನೂ ಕೊಡಬೇಡಿ, ನಿಮ್ಮ ಪಾಸ್‌ಪೋರ್ಟನ್ನಂತೂ ಕೊಡಲೇಬೇಡಿ. ಬೆಳಕು ಹರಿಯದೆ ಗುರುತಿಲ್ಲದ ಊರಿನಲ್ಲಿ ಹೊರಡಬೇಡಿ.

ಕಡೆಯದಾಗಿ ನುಡಿಯ ಮಾತು. ನಮ್ಮ ಮನೆಗಳಲ್ಲಿ ಕನ್ನಡ ಬರಬರುತ್ತ ಅಡುಗೆಮನೆಗೆ ಸೀಮಿತವಾಗುತ್ತಿದೆ. ಇಲ್ಲಿ ಹುಟ್ಟಿದ ಮಕ್ಕಳಿಗೆ ಅಕ್ಷರ ಬಾರದು, ಕೆಲವು ಮನೆಗಳಲ್ಲಿ ಮಾತೂ ಬಾರದು. ಅದರಿಂದ ಏನು ಪ್ರಯೋಜನ ಎಂದು ಅವರು ಕೇಳುತ್ತಾರೆ. ತುಂಗಭದ್ರೆಯಿಂದ ಕಂಬಂ ಕಣಿವೆಯವರೆಗೆ ಒಂದು ಜನಸಮೂಹವನ್ನು ಚದುರಗೊಡದೆ ನಡೆಸಿಕೊಂಡು ಬಂದದ್ದು ಈ ನುಡಿ. ಅದು ಇಲ್ಲಿಯ ತಮಿಳಿನೊಡನೆ ಜಗಳವಾಡಲಿಲ್ಲ. ಅದರ ಪಕ್ಕದಲ್ಲಿ ಕುಳಿತು ಬಾಳಿತು. ನಮ್ಮ ಮೊಮ್ಮಕ್ಕಳು ಸಿಂಗಾಪುರಕ್ಕೋ ಟೊರಾಂಟೋಗೋ ಹೋಗುವಾಗ ಎರಡು ನುಡಿಗಳನ್ನು ಹೊತ್ತು ಹೋದರೆ, ಕಷ್ಟದಲ್ಲಿ ಕಿವಿಗೊಡುವ ಜನ ಎರಡು ಪಾಲಾಗುತ್ತಾರೆ. ಹಮ್ಮಿಣಿಯನ್ನು ಬಿಚ್ಚಬಹುದು, ಪಾಸ್‌ಪೋರ್ಟನ್ನು ಕದಿಯಬಹುದು. ನಾಲಗೆಯ ಮೇಲಿರುವುದನ್ನು ಕದಿಯುವ ಕಳ್ಳ ಇನ್ನೂ ಹುಟ್ಟಿಲ್ಲ. ನಾವೇ ಕಳೆದುಕೊಳ್ಳದಿದ್ದರೆ ಸಾಕು.